ನಮ್ಮ ಕಂಪ್ಯೂಟರದಾಗ ಚಂದ ಕಾಣತೈತ್ರಿ

ನಮ್ಮ ವಿಜಯಪುರ ಜಿಲ್ಲೆಯ ಯಾವ ಯಾವ ರೈತರಿಗೆ ಬೆಳೆ ಪರಿಹಾರ ಸಿಗುತ್ತದೆ ಅನ್ನುವ ಫಲಾನುಭವಿಗಳ ಪಟ್ಟಿ ಇದೆಯಲ್ಲ, ಅದರ ಸ್ಕ್ರೀನ್‌ಶಾಟ್ ನಿಮ್ಮ ವಾಟ್ಸಾಪಿಗೂ ಬಂದಿರುತ್ತದೆ. ಬಂದೇ ಇರುತ್ತದೆ, ಇಡೀ ಜಿಲ್ಲೆ ನಕ್ಕಿದೆ. ಸರ್ಕಾರಿ ಕಚೇರಿಯವರು ವೆಬ್‌ಸೈಟಿಗೆ ಹಾಕಿದ ಪಟ್ಟಿಯನ್ನು ಮೊಬೈಲಿನಲ್ಲಿ ತೆರೆದರೆ ಒಂದೇ ಒಂದು ಕನ್ನಡ ಅಕ್ಷರ ಇಲ್ಲ. ತಲೆ ಮೇಲೆ ಗೀಟು ಹೊತ್ತ ಇಂಗ್ಲಿಷಿನ ಎ, ಕೆಳಗೆ ಬಾಲ ಬಿಟ್ಟ ಸಿ, ನಡುನಡುವೆ ಪೌಂಡಿನ ಗುರುತು. ರೈತರ ಹೆಸರಿನ ತುಂಬ ಪೌಂಡು! ಪರಿಹಾರದ ರೂಪಾಯಿ ಯಾವಾಗ ಬರುತ್ತದೋ ಗೊತ್ತಿಲ್ಲ, ಸದ್ಯಕ್ಕೆ ಬ್ರಿಟನ್ನಿನ ದುಡ್ಡನ್ನು ಹೆಸರಲ್ಲೇ ಜಮಾ ಮಾಡಿದ್ದಾರೆ.

ಫೋನ್ ಮಾಡಿ ಕೇಳಿದೆ. ಆ ಕಡೆಯ ಹುಡುಗ ಬಹಳ ಮರ್ಯಾದೆಯಿಂದಲೇ ಮಾತಾಡಿದ. "ಸರ, ನಮ್ಮ ಕಂಪ್ಯೂಟರದಾಗ ಚಂದ ಕಾಣತೈತ್ರಿ. ನಿಮ್ಮದ್ರಾಗ ನುಡಿ ಫಾಂಟ್ ಇಲ್ಲರಿ, ಹಾಕ್ಕೊಳ್ರಿ" ಅಂದ. ನುಡಿ ಅಂದರೆ ಕನ್ನಡ ಟೈಪ್ ಮಾಡುವ ತಂತ್ರಾಂಶ, ಅದರ ಹಳೆಯ ಫಾಂಟ್ ಇಲ್ಲದ ಕಡೆ ಕನ್ನಡವೆಲ್ಲ ಹೀಗೆ ಇಂಗ್ಲಿಷ್ ಗುರುತುಗಳಾಗಿ ಕಾಣುತ್ತದೆ. ಸರಿಯಾದ ಮಾತು. ಇಂಡಿ, ಸಿಂದಗಿ, ಮುದ್ದೇಬಿಹಾಳದ ರೈತರೆಲ್ಲ ಅವರ ಕಂಪ್ಯೂಟರಿನ ಮುಂದೆ ಬಂದು ಪಾಳಿ ಹಚ್ಚಿದರೆ ಸಮಸ್ಯೆಯೇ ಇಲ್ಲ. ಪಾಳಿ ತಪ್ಪಿಸಲಿಕ್ಕೆ ಅಂತಲೇ ಅಲ್ವಾ ವೆಬ್‌ಸೈಟ್ ಮಾಡಿಸಿದ್ದು ಅಂತ ಕೇಳಬೇಕೆಂದಿದ್ದೆ. ಆದರೆ ಹುಡುಗ ಗುತ್ತಿಗೆಯವನು. ಅವನನ್ನು ಕೇಳಿ ಏನು ಪ್ರಯೋಜನ?

ಹಾಗಾಗಿ ಸಿಟ್ಟು ಬಿಟ್ಟು ಆ ವೆಬ್‌ಸೈಟನ್ನು ಒಂದು ಪ್ರಾಚೀನ ಸ್ಮಾರಕ ಅಂದುಕೊಂಡು ಸುತ್ತಾಡಿದೆ. ವಿಜಯಪುರದವರಿಗೆ ಸ್ಮಾರಕ ನೋಡುವುದು ಹೊಸದೇನಲ್ಲ. ಮೇಲ್ಗಡೆ ಬಲದಿಂದ ಎಡಕ್ಕೆ ಓಡುವ ಒಂದು ಸಾಲು. ಒತ್ತಬೇಕು ಅಂತ ಬೆರಳು ಒಯ್ಯುವಷ್ಟರಲ್ಲಿ ಅದು ದಾಟಿ ಹೋಗಿರುತ್ತದೆ, ಮತ್ತೆ ಬರುವ ತನಕ ಕಾಯಬೇಕು. 2016ರ ಸುತ್ತೋಲೆಯ ಪಕ್ಕ ಕೆಂಪಗೆ ಮಿನುಗುವ 'ಹೊಸದು'. ತಳದಲ್ಲಿ ಭೇಟಿ ಕೊಟ್ಟವರ ಲೆಕ್ಕ. ಅದರ ಕೆಳಗೆ, ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ ನೋಡಿದರೆ ಉತ್ತಮ ಅನ್ನುವ ಸಲಹೆ. ಆ ಎಕ್ಸ್‌ಪ್ಲೋರರಿಗೆ ಮೈಕ್ರೋಸಾಫ್ಟ್ ಕಂಪನಿಯೇ 2022ರ ಜೂನ್ 15ರಂದು ವಿದಾಯ ಹೇಳಿದೆ. ಅಜ್ಜ ತೀರಿಕೊಂಡ ಮೇಲೂ ಬಾಗಿಲ ಮೇಲಿನ ಅವನ ಹೆಸರಿನ ಫಲಕ ತೆಗೆಯದ ಮನೆಗಳಿರುತ್ತವಲ್ಲ, ಅಂಥ ಭಕ್ತಿ.

ಫೋಟೊ ಗ್ಯಾಲರಿ ಒತ್ತಿದರೆ 'ಈ ಪುಟ ನಿರ್ಮಾಣ ಹಂತದಲ್ಲಿದೆ'. ಇದಕ್ಕೆ ಮಾತ್ರ ನಾನು ಬೈಯುವುದಿಲ್ಲ. ನಮ್ಮೂರಿನ ಸುಲ್ತಾನ ಎರಡನೇ ಅಲಿ ಆದಿಲ್ ಶಾಹ 1672ರಲ್ಲಿ ತೀರಿಕೊಂಡ. ಅವನ ಸಮಾಧಿ ಬಾರಾ ಕಮಾನ್ ಇವತ್ತಿಗೂ ನಿರ್ಮಾಣ ಹಂತದಲ್ಲೇ ಇದೆ. ಜನ ಹೋಗಿ ಫೋಟೊ ತೆಗೆಸಿಕೊಂಡು ಬರುತ್ತಾರೆ, ಯಾರೂ ತಕರಾರು ಮಾಡಿಲ್ಲ.

ಆದರೆ ಈ ವೇಷಗಳೆಲ್ಲ ಕಚೇರಿಯವರ ಸ್ವಂತದ್ದಲ್ಲ ನೋಡಿ. ಅವು ಬ್ಲಾಗ್ ಬರೆಯುವ ಹುಡುಗರ ವೇಷಗಳು. ನಮ್ಮ ಜಿಲ್ಲೆಯಿಂದ ಬಾಗಲಕೋಟೆ ಬೇರೆಯಾದದ್ದು 1997ರಲ್ಲಿ. ಅದೇ ವರ್ಷ ಅಮೆರಿಕದಲ್ಲಿ ಒಬ್ಬ ಪುಣ್ಯಾತ್ಮ ತಾನು ದಿನಾ ಗುರುತು ಹಾಕಿಕೊಳ್ಳುವ ಪುಟಕ್ಕೆ 'ವೆಬ್‌ಲಾಗ್' ಅಂತ ಹೆಸರಿಟ್ಟ. 1999ರಲ್ಲಿ ಬ್ಲಾಗರ್ ಬಂತು, 2003ರಲ್ಲಿ ಅದನ್ನು ಗೂಗಲ್ ಕೊಂಡಿತು. ಬರೆದದ್ದನ್ನು ಲೋಕಕ್ಕೆ ತೋರಿಸಲು ಪುಕ್ಕಟೆ ಜಾಗ! ಇದೇ ಊರಿನಲ್ಲಿ ಫ.ಗು. ಹಳಕಟ್ಟಿಯವರು ವಚನಗಳನ್ನು ಅಚ್ಚು ಹಾಕಲಿಕ್ಕೆ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದ್ದರು. ಈಗ ಒಂದು ಇಮೇಲ್ ಇದ್ದರೆ ಸಾಕು, ಮನೆ ಉಳಿಯುತ್ತದೆ.

ಪುಕ್ಕಟೆ ಅಂದೆನಲ್ಲ, ಸೈಬರ್ ಕೆಫೆಯವನಿಗೆ ಅದು ಗೊತ್ತಿರಲಿಲ್ಲ. ಅವನ ಗಡಿಯಾರ ಓಡುತ್ತಿರುತ್ತಿತ್ತು. ಮೊದಲ ಅರ್ಧ ಗಂಟೆ ಕನ್ನಡವನ್ನು ಪರದೆಯ ಮೇಲೆ ತರಿಸುವುದಕ್ಕೇ ಹೋಗುತ್ತಿತ್ತು. ವಿಂಡೋಸ್ 98 ಇದ್ದರೆ ಬರೀ ಚೌಕ ಚೌಕ ಡಬ್ಬಿಗಳು. ಎಕ್ಸ್‌ಪಿ ಇದ್ದರೆ ಆಸೆ ಇತ್ತು. ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ, ಭಾಷೆಗಳ ಜಾಗ ಹುಡುಕಿ, ಒಂದು ಟಿಕ್ ಹಾಕಬೇಕು. ಹಾಕಿದ ಕೂಡಲೇ ಅದು ವಿಂಡೋಸ್ ಸಿಡಿ ಕೇಳುತ್ತಿತ್ತು. ಕೆಫೆಯವನ ಹತ್ತಿರ ಸಿಡಿ ಎಲ್ಲಿಂದ ಬರಬೇಕು? ಎಲ್ಲ ಮಷೀನಿಗೂ ಒಂದೇ ಸಿಡಿ, ಅದೂ ಯಾರದ್ದೋ ಕಡೆಯಿಂದ ತಂದದ್ದು. "ಅದೆಲ್ಲ ಬ್ಯಾಡ ತಮ್ಮಾ, ಇಂಗ್ಲಿಷಿನಾಗ ಬರಿ" ಅನ್ನುತ್ತಿದ್ದ. ಹಾಗೂ ಹೀಗೂ ಅಕ್ಷರ ಬಂದರೆ ಒತ್ತು ಬರುತ್ತಿರಲಿಲ್ಲ, ಒತ್ತು ಬಂದರೆ ಕರೆಂಟ್ ಹೋಗುತ್ತಿತ್ತು. ಕರೆಂಟಿನ ಜೊತೆ ಕವಿತೆಯೂ ಹೋಗುತ್ತಿತ್ತು. ಕೆಲವು ಸಲ ಅದು ಓದುಗರ ಪುಣ್ಯ.

ಇಷ್ಟು ಕಷ್ಟಪಟ್ಟು ಮಾಡಿದ್ದೇನು ಅಂತ ನೋಡಿದರೆ, ಕಪ್ಪು ಹಿನ್ನೆಲೆ, ಅದರ ಮೇಲೆ ಹಳದಿ ಅಕ್ಷರ. ತೆರೆದ ಕೂಡಲೇ ತಾನಾಗೇ ಶುರುವಾಗುವ ಹಾಡು. ಮತ್ತೆ ಹಿಮ! ಏಪ್ರಿಲ್ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನ ಹುಡುಗನ ಬ್ಲಾಗಿನಲ್ಲಿ ಮೇಲಿಂದ ಕೆಳಗೆ ಹಿಮ ಬೀಳುತ್ತಿತ್ತು. ಮೊದಲ ಬರಹ 'ನಮಸ್ಕಾರ, ಕೊನೆಗೂ ನಾನೂ ಬಂದೆ'. ಎರಡನೆಯದು 'ಬಹಳ ದಿನ ಬರೆಯಲಾಗಲಿಲ್ಲ, ಕ್ಷಮಿಸಿ'. ಮೂರನೆಯದು ಬರಲೇ ಇಲ್ಲ. ಕಾಮೆಂಟು ಮಾತ್ರ ಬರುತ್ತಿತ್ತು: 'ತುಂಬಾ ಚೆನ್ನಾಗಿದೆ, ಮುಂದುವರಿಸಿ, ಬಿಡುವಿದ್ದಾಗ ನನ್ನ ಬ್ಲಾಗಿಗೂ ಬನ್ನಿ'. ಭೇಟಿಯ ಲೆಕ್ಕ ಏರಲಿ ಅಂತ ತಾವೇ ಹತ್ತಾರು ಸಲ ರಿಫ್ರೆಶ್ ಒತ್ತುವವರಿದ್ದರು. ಸುಮ್ನೆ ಖುಷಿ.

ನನ್ನ ಪ್ರಕಾರ ನಮ್ಮ ಸೀಮೆಯ ಮೊದಲ ಬ್ಲಾಗರ್ ಬಾದಾಮಿಯ ಕಪ್ಪೆ ಅರಭಟ್ಟ. ಸುಮಾರು 700ನೇ ಇಸವಿ. ಕೆರೆಯ ದಂಡೆಯ ಬಂಡೆ ಆಯ್ದುಕೊಂಡ, ಜಾಗ ಪುಕ್ಕಟೆ. ಶಾಸನ ಅಂದರೆ ದಾನ, ದತ್ತಿ, ರಾಜನ ಬಿರುದು ಇರಬೇಕಲ್ವಾ? ಏನೂ ಇಲ್ಲ. ಇಡೀ ಬರಹ ಅರಭಟ್ಟನ ಬಗ್ಗೆ. ಸಾಧುವಿಗೆ ಸಾಧು, ಮಧುರನಿಗೆ ಮಧುರ, ಕೆಣಕಿದವನಿಗೆ ವಿಪರೀತ. ಈಗಿನವರು ಪ್ರೊಫೈಲಿನಲ್ಲಿ ಬರೆದುಕೊಳ್ಳುವುದೂ ಇದನ್ನೇ, ತ್ರಿಪದಿ ಇರುವುದಿಲ್ಲ ಅಷ್ಟೆ. ಕಾಮೆಂಟ್ ಹಾಕಬೇಕು ಅಂದರೆ ಉಳಿ ಸುತ್ತಿಗೆ ಹಿಡಿದು ಬಂಡೆ ಹತ್ತಬೇಕಿತ್ತು, ಹಾಗಾಗಿ ಟ್ರೋಲ್ ಕಾಟವೂ ಇರಲಿಲ್ಲ. ಆ ಲಿಪಿ ಓದಲು ಬಲ್ಲವರು ಬೇಕು, ನಿಜ. ಆದರೆ ಬಲ್ಲವರು ಓದಿದರೆ ಓದಲು ಬರುತ್ತದೆ. ಕಚೇರಿಯ ಪಟ್ಟಿಯನ್ನು ಪಂಡಿತರ ಮುಂದೆ ಇಟ್ಟರೂ ಪೌಂಡು ಪೌಂಡೇ.

ಬ್ಲಾಗಿನ ಹುಡುಗರಿಗೆ ಸರ್ಕಾರ ಆಗ ಕೊಟ್ಟ ಸಹಕಾರವನ್ನೂ ನೆನೆಯಬೇಕು. 2003ರಲ್ಲಿ ಮೇಘಾಲಯದ ಒಂದು ಸಣ್ಣ ಯಾಹೂ ಗ್ರೂಪನ್ನು ಮುಚ್ಚಿಸಿ ಅಂತ ಆದೇಶ ಹೊರಟಿತು. ಒಂದನ್ನು ಮುಚ್ಚುವ ವಿದ್ಯೆ ಯಾರಿಗೂ ಬರಲಿಲ್ಲ, ಇಡೀ ಯಾಹೂ ಗ್ರೂಪ್ಸ್ ದೇಶಕ್ಕೇ ಬಂದ್ ಆಯಿತು. ಪಾಠ ಕಲಿತರು ಅಂದುಕೊಂಡಿರಾ? 2006ರ ಜುಲೈ 11ರಂದು ಮುಂಬೈ ಲೋಕಲ್ ರೈಲುಗಳಲ್ಲಿ ಬಾಂಬ್ ಸ್ಫೋಟವಾಯಿತು. ಅದರ ಬೆನ್ನಲ್ಲೇ ಒಂದಿಷ್ಟು ಪುಟಗಳನ್ನು ತಡೆಯಿರಿ ಅಂತ ದೂರಸಂಪರ್ಕ ಇಲಾಖೆ ಇಂಟರ್ನೆಟ್ ಕಂಪನಿಗಳಿಗೆ ಹೇಳಿತು. ಕಂಪನಿಗಳು ಬ್ಲಾಗರ್‌ನಲ್ಲಿ ಬರೆದವರ ಪುಟಗಳಿದ್ದ ಇಡೀ ಬ್ಲಾಗ್‌ಸ್ಪಾಟಿಗೇ ಬೀಗ ಹಾಕಿದವು. ಹಿಮ ಬೀಳಿಸುತ್ತ ಕವಿತೆ ಬರೆಯುವವನೂ ದೇಶದ ಭದ್ರತೆಯ ಲೆಕ್ಕಕ್ಕೆ ಬಂದ. ಅವನ ಕವಿತೆಯನ್ನು ಯಾರಾದರೂ ಅಷ್ಟು ಗಂಭೀರವಾಗಿ ತೆಗೆದುಕೊಂಡದ್ದು ಅದೇ ಮೊದಲು.

ಆಮೇಲೆ ಒಂದೊಂದೇ ಅಂಗಡಿ ಮುಚ್ಚಿತು. 2009ರಲ್ಲಿ ಪುಕ್ಕಟೆ ಪುಟ ಕೊಡುತ್ತಿದ್ದ ಜಿಯೋಸಿಟೀಸ್, 2014ರ ಸೆಪ್ಟೆಂಬರಿನಲ್ಲಿ ಗೆಳೆಯರ ಜಾಲ ಆರ್ಕುಟ್. ಉಳಿದ ಬ್ಲಾಗುಗಳನ್ನು ಹುಡುಕೋಣ ಅಂದರೆ 2014ರ ನವೆಂಬರ್ 1ರಂದು ಊರಿನ ಹೆಸರೇ ಬದಲಾಯಿತು, ಬಿಜಾಪುರ ಹೋಗಿ ವಿಜಯಪುರ ಆಯಿತು, ಅದೇ ದಿನ ಬೆಲ್ಗಾಮ್ ಹೋಗಿ ಬೆಳಗಾವಿ. ಬೆಳಗಾವಿಗೆ ಬೆಳಗಾವಿ ಅನ್ನಬೇಕು ಅಂತ ಹೋರಾಡಿದವರಲ್ಲಿ ನಾನೂ ಸೇರಿದವನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳೆಯ ಬರಹಗಳೆಲ್ಲ 'ಬಿಜಾಪುರ'ದ ಹೆಸರಲ್ಲೇ ಕೂತಿವೆ. ಹುಡುಕಲು ಹೋದರೆ ಛತ್ತೀಸಗಡದ ಬಿಜಾಪುರ ಜಿಲ್ಲೆಗೆ ಹೋಗಿ ಇಳಿಯುತ್ತೀರಿ. ಜೋಳದ ರೊಟ್ಟಿ ಕೇಳಿದವನಿಗೆ ಅಲ್ಲಿನ ಕಾಡಿನ ಎನ್‌ಕೌಂಟರ್ ಸುದ್ದಿ.

ನಗು ಇಲ್ಲಿಗೆ ಸಾಕು. ಆ ಹುಡುಗರ ಹತ್ತಿರ ದುಡ್ಡಿರಲಿಲ್ಲ, ಸಿಡಿ ಇರಲಿಲ್ಲ, ಹೇಳಿಕೊಡುವವರು ಇರಲಿಲ್ಲ. ಆದರೂ ಅವರು ಕಲಿತರು. ಓಡುವ ಸಾಲು ತೆಗೆದರು, ಹಿಮ ನಿಲ್ಲಿಸಿದರು. ಪರದೆಯ ಮೇಲೆ ಚಂದ ಕಂಡರೆ ಸಾಲದು, ಹುಡುಕಿದರೆ ಸಿಗಬೇಕು ಅಂತ, ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಸಂಕೇತ ಇರುವ ಯೂನಿಕೋಡಿಗೆ ಬಂದರು. ಹಳೆಯದನ್ನು ಬದಲಿಸಲು ಪರಿವರ್ತಕಗಳನ್ನು ರಾತ್ರಿ ಕೂತು ಬರೆದು ಪುಕ್ಕಟೆ ಹಂಚಿದರು. ಸಂಬಳ ಇರುವವರು ಕಲಿಯಲಿಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. ಈಗ ನುಡಿಯಲ್ಲೇ ಯೂನಿಕೋಡ್ ಇದೆ, ಆಯ್ಕೆ ಮಾಡಿಕೊಳ್ಳಬೇಕು ಅಷ್ಟೆ. ಇನ್ನೇನು ಬೇಕು ಇವರಿಗೆ?

ಆ ಪಟ್ಟಿಯಲ್ಲಿ ತನ್ನ ಹೆಸರು ಇದೆಯೋ ಇಲ್ಲವೋ ಅಂತ ತಿಳಿಯಲು ಒಬ್ಬ ರೈತ ಹೊಲದ ಕೆಲಸ ಬಿಟ್ಟು, ಬಸ್ಸಿಗೆ ದುಡ್ಡು ಕೊಟ್ಟು ಊರಿಗೆ ಬರುತ್ತಾನೆ. ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಫಾಂಟ್ ಇದೆ. ಅಲ್ಲಿ ಪುಟಕ್ಕಿಷ್ಟು ಅಂತ ಕೊಟ್ಟು ಪ್ರಿಂಟ್ ತೆಗೆಸಿ, ಬೆರಳಿಟ್ಟು ಒಂದೊಂದೇ ಸಾಲು ಓದುತ್ತಾನೆ. ತೊಗರಿ ಒಣಗಿ ನಿಂತವನಿಗೆ ಇದನ್ನೂ ಹೊರಿಸಬೇಕಾ? ನಾಚಿಕೆ ಬೇಡವಾ? ಯಾರ ಕೆಲಸಕ್ಕೆ ಸಂಬಳ ಪಡೆಯುತ್ತಿದ್ದೇವೆ ಅಂತ ಒಬ್ಬರಿಗಾದರೂ ಅನ್ನಿಸುವುದಿಲ್ಲವಾ?

ಸುದ್ದಿ ಗದ್ದಲವಾದ ಮೇಲೆ ಕಚೇರಿಯವರು ಎಚ್ಚೆತ್ತು ಪಟ್ಟಿಯನ್ನು ತೆಗೆದಿದ್ದಾರೆ. ಅದರ ಜಾಗದಲ್ಲಿ ಅದೇ ಪಟ್ಟಿಯ ಪ್ರಿಂಟ್ ತೆಗೆದು, ಸ್ಕ್ಯಾನ್ ಮಾಡಿ, ಅಡ್ಡಡ್ಡ ಹಾಕಿದ್ದಾರೆ. ಈಗ ಅಕ್ಷರ ಕನ್ನಡವೇ, ಕತ್ತು ಮಾತ್ರ ವಾಲಿಸಬೇಕು. ಪಕ್ಕದಲ್ಲಿ 'ಹೊಸದು' ಮಿನುಗುತ್ತಿದೆ. ಮುಂದಿನ ಹಂತದಲ್ಲಿ ಆ್ಯಪ್ ಬರುತ್ತದಂತೆ. ಟೆಂಡರ್ ಪ್ರಕಟಣೆಯನ್ನು ಓದೋಣ ಅಂತ ತೆರೆದೆ, ಮೊದಲ ಸಾಲಿನಲ್ಲೇ ಮೂರು ಪೌಂಡು.