ಆಳು ಸಿಗಲ್ವಂತೆ

ನಾಟಿ ಕಾಲ ಬಂತು ಅಂದ್ರೆ ನಮ್ಮ ಪಾಂಡವಪುರದ ಕಡೆ ಟೀ ಅಂಗಡಿಗಳಲ್ಲಿ ಒಂದೇ ಮಾತು. "ಆಳೇ ಸಿಗಲ್ಲ ಕಣಪ್ಪ." ಅದರ ಬೆನ್ನಿಗೇ ಇನ್ನೊಂದು: "ಗೃಹಲಕ್ಷ್ಮಿ ದುಡ್ಡು ಬರೋಕೆ ಶುರುವಾದ ಮೇಲೆ ಹೆಂಗಸರು ಗದ್ದೆಗೆ ಇಳಿಯಲ್ಲ."

ಮೈಸೂರಲ್ಲಿ ಕೆಲಸ, ಭಾನುವಾರ ಊರಲ್ಲಿ ಅಪ್ಪನ ಒಂದೂವರೆ ಎಕರೆ. ನಾನೂ ಇಷ್ಟು ದಿನ ಈ ಮಾತಿಗೆ ತಲೆ ಆಡಿಸಿದವನೇ. ಆಮೇಲೆ ಸುಮ್ನೆ ಕೂತು ಲೆಕ್ಕ ಹಾಕಿದೆ. 2023ರ ಆಗಸ್ಟ್‌ನಲ್ಲಿ ಮೈಸೂರಲ್ಲೇ ಶುರುವಾದ ಯೋಜನೆ, ತಿಂಗಳಿಗೆ 2000. ನಮ್ಮೂರಲ್ಲಿ ಹೆಣ್ಣಾಳಿನ ಕೂಲಿ 400. ಅಂದ್ರೆ ಐದು ದಿನದ ಕೂಲಿ. ಐದು ದಿನದ ಕೂಲಿಗೆ ಯಾರಾದರೂ ತಿಂಗಳೆಲ್ಲ ಮನೇಲಿ ಕೂತರೆ ಬೈಬೇಕಾದ್ದು ಅವರನ್ನೋ, ಆ ಕೂಲಿಯನ್ನೋ?

ಅವರೇನು ಮನೇಲೂ ಕೂತಿಲ್ಲ. ಬೆಳಿಗ್ಗೆ ಊರ ಬಾಗಿಲಿಗೆ ಗಾರ್ಮೆಂಟ್ಸ್ ಬಸ್ ಬರುತ್ತೆ. ನಮ್ಮ ಗದ್ದೇಲಿ ನಾಟಿ ಹಾಕ್ತಿದ್ದವರಲ್ಲಿ ನಾಲ್ಕು ಜನ ಈಗ ಅದನ್ನೇ ಹತ್ತುತ್ತಾರೆ. ಅಲ್ಲೂ ಸಂಬಳ ಅಷ್ಟಕ್ಕಷ್ಟೇ. ಆದರೆ ಮಳೆ ಬಂದರೂ ಬರುತ್ತೆ, ಬರ ಬಿದ್ದರೂ ಬರುತ್ತೆ. ಪಿಎಫ್ ಇದೆ, ಇಎಸ್‌ಐ ಇದೆ. ನಾವು ಕೊಡೋದು ಏನು? ಕೆಆರ್‌ಎಸ್‌ನಿಂದ ವಿಸಿ (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ಟ ಮೇಲೆ ಇಡೀ ಬಯಲು ಒಟ್ಟಿಗೇ ಕೆಸರಾಗುತ್ತೆ. ಎಲ್ಲರಿಗೂ ಅದೇ ಹದಿನೈದು ಇಪ್ಪತ್ತು ದಿನದಲ್ಲಿ ಆಳು ಬೇಕು. ಕೂಲಿ ಇಲ್ಲದೆ ಒಬ್ಬರ ಗದ್ದೇಲಿ ಇನ್ನೊಬ್ಬರು ದುಡಿದು ಋಣ ತೀರಿಸೋ ಮುಯ್ಯಾಳು ಪದ್ಧತಿ ಇದ್ದಾಗ ಹೆಂಗೋ ನಡೀತಿತ್ತು. ಈಗ ಮಿಕ್ಕ ದಿನ ಆ ಹೆಂಗಸರು ಏನು ತಿಂತಾರೆ ಅಂತ ಟೀ ಅಂಗಡೀಲಿ ಯಾರೂ ಕೇಳಲ್ಲ.

ಈ ಸಲದ ನಾಟಿಗೆ ಏಳು ಹೆಣ್ಣಾಳು, ಇಬ್ಬರು ಗಂಡಾಳು. ಗಂಡಸರು ಬದು ಕಡಿದು, ಸಸಿ ಕಂತೆ ಹೊತ್ತು ಹಾಕಿದರು. ಮಧ್ಯೆ ಬೀಡಿಗೆ ಅಂತ ಬದುವಿನ ಮೇಲೆ ಕೂತೂ ಎದ್ದರು. ಹೆಂಗಸರು ಬಗ್ಗಿದವರು ಊಟದ ಹೊತ್ತಿಗೇ ನೆಟ್ಟಗಾಗಿದ್ದು. ಸಂಜೆ ಬಟವಾಡೆ. ಅಪ್ಪ ಗಂಡಸರಿಗೆ 700, ಹೆಂಗಸರಿಗೆ 400 ಎಣಿಸಿದರು. ಪಕ್ಕದ ಬೀದಿ ದೊಡ್ಡಮ್ಮ ನೋಟು ಈಸ್ಕೊಂಡರು. ಕೆಸರಲ್ಲಿ ನೆಂದು ಬೆರಳ ತುದಿ ಬೆಳ್ಳಗೆ ಸುಕ್ಕಾಗಿತ್ತು. ನನ್ನ ಕಡೆ ತಿರುಗಿ ನಗ್ತಾ ಕೇಳಿದರು, "ಯಾಕ್ ಮಗ, ಸೊಂಟ ನೋಯೋದು ಗಂಡಸ್ರಿಗೆ ಮಾತ್ರವಾ?"

ಸಮಾನ ವೇತನದ ಕಾನೂನು ಬಂದಿದ್ದು 1976ರಲ್ಲಿ. ನಾನಿನ್ನೂ ಹುಟ್ಟಿರಲಿಲ್ಲ. ನರೇಗಾದಲ್ಲಿ 2025-26ಕ್ಕೆ ನಮ್ಮ ರಾಜ್ಯದ ದರ ದಿನಕ್ಕೆ 370 ಇತ್ತು, ಹೆಣ್ಣಿಗೂ ಅದೇ, ಗಂಡಿಗೂ ಅದೇ. ನಮ್ಮ ಗದ್ದೆ ಬದುವಿಗೆ ಬಂದರೆ ಮಾತ್ರ ಲೆಕ್ಕ ಬೇರೆ.

ರಾತ್ರಿ ಅಪ್ಪನ ಹತ್ತಿರ ಈ ಮಾತು ತೆಗೆದೆ. "ನಂಗ್ಯಾರು ಕೊಡ್ತಾರ್ಲಾ?" ಅಂದರು. ಅದೂ ನಿಜವೇ. ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಾಲಿಗೆ 2300 ಇದ್ದದ್ದು 2025-26ಕ್ಕೆ 2369 ಆಯ್ತು. ಏರಿದ್ದು 69 ರೂಪಾಯಿ. ಅವರಿಗೆ ಕನಿಷ್ಠ ಕೂಲಿ, ನಮಗೆ ಕನಿಷ್ಠ ಬೆಂಬಲ ಬೆಲೆ. ಇಬ್ಬರ ಹಣೇಲೂ ಬರೆದಿರೋದು ಅದೊಂದೇ ಪದ.

ಆದರೂ ಒಂದು ವಿಷಯ ನನಗೆ ಗಂಟಲಲ್ಲಿ ಸಿಕ್ಕಿಕೊಂಡಿದೆ. ಟ್ರ್ಯಾಕ್ಟರಿನವನು ಗಂಟೆಗೆ ಇಷ್ಟು ಅಂದ, ಕೊಟ್ಟೆವು. ಗೊಬ್ಬರದ ಅಂಗಡಿಯವನು ಹೇಳಿದ್ದೇ ರೇಟು. ಚೌಕಾಸಿ ಮಾಡಿದ್ದು ದೊಡ್ಡಮ್ಮನ ಹತ್ತಿರ ಮಾತ್ರ. ಭತ್ತದಲ್ಲಾಗೋ ಲುಕ್ಸಾನನ್ನೆಲ್ಲ ನಾವು ತುಂಬಿಸಿಕೊಳ್ಳೋದು ಎದುರು ಮಾತಾಡದವರ ಕೂಲಿಯಿಂದ.

ಕಳೆ ಕೀಳೋಕೆ ಕರೆದಾಗ ಅಪ್ಪನ ಜೊತೆ ಜಗಳ ಆಡಿ 550 ಮಾಡಿಸಿದೆ. ಪಕ್ಕದ ಗದ್ದೆಯ ಮಾವ ಕೂಗಿ ಹೇಳಿದರು, "ಊರ ಕೂಲೀನೇ ಕೆಡಿಸಿಬಿಟ್ಟೆ ಕಣ್ಲಾ!" ಏಳು ಜನಕ್ಕೆ ಹೇಳಿ ಕಳಿಸಿದ್ದೆ, ಬಂದಿದ್ದು ಒಂಬತ್ತು ಜನ.

ಗಂಡಾಳಿಗಿಂತ ಇನ್ನೂ 150 ಕಡಿಮೆಯೇ. ಅಷ್ಟು ಧೈರ್ಯ ನನಗೂ ಬರಲಿಲ್ಲ. ದೊಡ್ಡಮ್ಮ ಏನೂ ಅನ್ನಲಿಲ್ಲ, ಎರಡು ಸಲ ಎಣಿಸಿ ಎಲೆ ಅಡಿಕೆ ಚೀಲಕ್ಕೆ ಹಾಕಿಕೊಂಡರು.