ಲೈಟು ಸ್ವಲ್ಪ ತಡವಾಗಿ ಹಾಕಿ

ಶರತ್ಕಾಲ ಶುರುವಾದ ಕೂಡಲೇ ಎಲ್ಲ ಕಡೆ ಒಂದೇ ಥರದ ಫೋಟೋ. ಪರಿಮಳದ ಮೇಣದಬತ್ತಿ, ಹೊಸ ಸ್ವೆಟರ್, ಒಂದು ಮಗ್, ಪಕ್ಕದಲ್ಲಿ ಯಾರೂ ಓದದ ಒಂದು ಪುಸ್ತಕ. ಬೇಡ ಅಂತಲ್ಲ, ಚೆನ್ನಾಗಿಯೇ ಇರುತ್ತದೆ. ಆದರೆ ಈ ಕಾಲದ ಸುಖಕ್ಕೆ ದುಡ್ಡು ಬೇಕಿಲ್ಲ ಅನ್ನುವುದು ನನ್ನ ವಾದ. ಸಂಜೆಯ ಕಡೆ ಸ್ವಲ್ಪ ಗಮನ ಕೊಟ್ಟರೆ ಸಾಕು.

ಉತ್ತರಾರ್ಧಗೋಳದಲ್ಲಿ ಈ ಕಾಲದಲ್ಲಿ ಹಗಲು ರಾತ್ರಿ ಹೆಚ್ಚುಕಡಿಮೆ ಸಮ ಆಗುವುದು ಸೆಪ್ಟೆಂಬರ್ 22 ಅಥವಾ 23ಕ್ಕೆ. ವರ್ಷದಲ್ಲಿ ಹಗಲು ತುಂಬ ಬೇಗ ಬೇಗ ಕುಗ್ಗುವುದೂ ಇದೇ ಸುಮಾರಿಗೆ. 50 ಡಿಗ್ರಿ ಅಕ್ಷಾಂಶದ ಹತ್ತಿರ ಇರುವವರಿಗೆ ದಿನಕ್ಕೆ ಸುಮಾರು 4 ನಿಮಿಷ ಖೋತಾ. ವಾರ ಕಳೆಯುವುದರೊಳಗೆ ಹತ್ತಿರ ಹತ್ತಿರ ಅರ್ಧ ಗಂಟೆ ಬೆಳಕು ಮಾಯ! ಭೂಮಧ್ಯರೇಖೆಯ ಕಡೆಯವರಿಗೆ ಇದು ಗೊತ್ತೇ ಆಗುವುದಿಲ್ಲ. ಮೇಲಿನವರಿಗೆ ಮಾತ್ರ ಮೊನ್ನೆ ಇದ್ದ ಸಂಜೆ ಇವತ್ತು ಇಲ್ಲ.

ಇದಕ್ಕೆ ನಾವೇನು ಮಾಡುತ್ತೇವೆ? ಹೊರಗೆ ಸ್ವಲ್ಪ ಮಂಕಾದರೆ ಸಾಕು, ಟಪ್ ಅಂತ ಸ್ವಿಚ್ ಒತ್ತುತ್ತೇವೆ. ಕಿಟಕಿ ತಕ್ಷಣ ಕಪ್ಪು ಕನ್ನಡಿ ಆಗುತ್ತದೆ, ಹೊರಗಿನ ಸಂಜೆ ಅಲ್ಲಿಗೆ ಮುಗಿಯಿತು. ಒಂದು ದಿನ ಒತ್ತದೆ ಕೂತು ನೋಡಿ. ಸೂರ್ಯ ಮುಳುಗಿದ ಮೇಲೂ ದಿಗಂತದಿಂದ 6 ಡಿಗ್ರಿ ಕೆಳಗೆ ಇಳಿಯುವವರೆಗೆ ಆಕಾಶದಲ್ಲಿ ಸಾಕಷ್ಟು ಬೆಳಕಿರುತ್ತದೆ. ಮೊದಲು ಬಟ್ಟೆಗಳ ಬಣ್ಣ ಹೋಗುತ್ತದೆ. ಆಮೇಲೆ ಕುರ್ಚಿಯ ಕಾಲು, ಬಾಗಿಲಿನ ಚಿಲಕ. ಬಿಳಿ ಗೋಡೆ, ಬಿಳಿ ಹಾಳೆ ಕೊನೆತನಕ ಹಠ ಹಿಡಿದು ನಿಂತಿರುತ್ತವೆ. ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ನಮ್ಮ ಕಣ್ಣಿಗೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ಅಷ್ಟು ಹೊತ್ತು ಫೋನ್ ಮುಟ್ಟಬಾರದು, ಅಷ್ಟೇ. ಅದೇ ಕಷ್ಟ, ಅಲ್ವಾ?

ಕೈಯಲ್ಲೊಂದು ಬಿಸಿ ಲೋಟ ಇದ್ದರೆ ಇನ್ನೂ ಒಳ್ಳೆಯದು. ಬೇಸಿಗೆಯಲ್ಲೂ ಕುಡಿದದ್ದು ಇದೇ ಕಾಫಿ, ಇದೇ ಲೋಟದಲ್ಲಿ. ಆದರೆ ತಣ್ಣಗಿನ ಗಾಳಿಯಲ್ಲಿ ಆವಿ ಬೇಗ ಸಣ್ಣ ಸಣ್ಣ ಹನಿಯಾಗುತ್ತದೆ, ಅದಕ್ಕೇ ಹಬೆ ಎದ್ದು ಕಾಣುತ್ತದೆ. ಎರಡೂ ಕೈಯಲ್ಲಿ ಲೋಟ ಹಿಡಿಯಬೇಕು ಅನ್ನಿಸುವುದೂ ಆವಾಗಲೇ.

ಕಪಾಟಿನಿಂದ ಉಣ್ಣೆಯ ಹೊದಿಕೆ ಇಳಿಸುವ ದಿನ ನನಗೆ ಹಬ್ಬ. ಮಡಿಕೆ ಬಿದ್ದ ಕಡೆ ಗಟ್ಟಿ ಗೆರೆ ಕೂತಿರುತ್ತದೆ, ನುಸಿಗುಳಿಗೆಯ ಘಾಟು ಮೂಗಿಗೆ ಬಡಿಯುತ್ತದೆ. ಹಾಗೇ ಹೊದೆಯಬೇಡಿ. ಗಾಳಿಗೆ ಹರವಿ, ಚೆನ್ನಾಗಿ ಕೊಡವಿ. ಬೆಚ್ಚಗಿಡುವುದು ಆ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ, ಒತ್ತಿ ಇಟ್ಟ ಹೊದಿಕೆಯಲ್ಲಿ ಅದು ಎಲ್ಲಿಂದ ಬರಬೇಕು?

ಮಲಗುವಾಗ ಕಾಲುಚೀಲ ಹಾಕುವವರನ್ನು ನೋಡಿ ನಗುವವರಿದ್ದಾರೆ. ನಗಲಿ ಬಿಡಿ. ಪಾದ ಬೆಚ್ಚಗಾದರೆ ಅಲ್ಲಿನ ರಕ್ತನಾಳಗಳು ಹಿಗ್ಗುತ್ತವೆ, ಒಳಮೈಯ ಬಿಸಿ ಹೊರಗೆ ಹೋಗುತ್ತದೆ, ನಿದ್ದೆ ಬೇಗ ಹತ್ತುತ್ತದೆ. ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು ಬಿಸಿನೀರಿನ ಸ್ನಾನ ಮಾಡಿದರೂ ಹೆಚ್ಚುಕಡಿಮೆ ಇದೇ ಲೆಕ್ಕ.

ಇನ್ನು ಎಲೆಗಳು. ಕಾಡಿಗೇ ಹೋಗಬೇಕಿಲ್ಲ, ದಿನಾ ಓಡಾಡುವ ದಾರಿಯ ಒಂದೇ ಮರವನ್ನು ಹಿಡಿದುಕೊಳ್ಳಿ. ಹಳದಿ ಹೊಸದಾಗಿ ಬರುವುದಲ್ಲ. ಬೇಸಿಗೆ ಪೂರ್ತಿ ಎಲೆಯಲ್ಲೇ ಇತ್ತು, ಹಸಿರು ಅದನ್ನು ಮುಚ್ಚಿಟ್ಟಿತ್ತು. ಕೆಂಪಿನ ಕಥೆ ಬೇರೆ. ಉದುರಲು ಹೊರಟ ಎಲೆ ಅದನ್ನು ಆಗ ಹೊಸದಾಗಿ ತಯಾರಿಸುತ್ತದೆ. ಹಗಲು ಬಿಸಿಲು, ರಾತ್ರಿ ಹೆಪ್ಪುಗಟ್ಟದಷ್ಟು ಚಳಿ ಇದ್ದ ವರ್ಷ ಕೆಂಪು ಜೋರು. ಮೋಡ ಕವಿದ ವರ್ಷ ಸಪ್ಪೆ. ಆ ವರ್ಷ ಮರವನ್ನು ಬೈಯಬೇಡಿ.

ದಕ್ಷಿಣಾರ್ಧಗೋಳದ ಗೆಳೆಯರೇ, ಇದನ್ನೆಲ್ಲ ಮಾರ್ಚ್‌ಗೆ ಎತ್ತಿಟ್ಟುಕೊಳ್ಳಿ. ನಿಮಗೀಗ ವಸಂತ, ಹೊದಿಕೆ ಒಗೆದು ಒಳಗಿಡುವ ಕೆಲಸ ಬಾಕಿ ಇದೆ.