ಸೊಂಡಿಲಿನ ಸಮಾಚಾರ

ಬಸವನಗುಡಿಯ ಮೆಡಿಕಲ್ ಶಾಪೊಂದರಲ್ಲಿ 10 ಸೆಂಟಿಮೀಟರ್ ಅಗಲದ ಆರು ಪ್ಲಾಸ್ಟರ್ ಬ್ಯಾಂಡೇಜ್ ಸುರುಳಿಗಳನ್ನು ಕೇಳಿದಾಗ, ಅಂಗಡಿಯವರು ನನ್ನ ಕೈಕಾಲುಗಳನ್ನು ಒಂದೊಂದಾಗಿ ನೋಡಿ, ಎಲ್ಲವೂ ಸ್ವಸ್ಥಾನದಲ್ಲಿವೆ ಎಂಬುದನ್ನು ಖಚಿತಪಡಿಸಿಕೊಂಡು, "ಯಾರಿಗಮ್ಮ ಏಟು ಬಿದ್ದಿರೋದು?" ಎಂದು ವಿಷಾದದಿಂದ ವಿಚಾರಿಸಿದರು. "ಯಾರಿಗೂ ಇಲ್ಲಪ್ಪ, ಒಂದು ಆನೆ ಮಾಡಬೇಕಾಗಿದೆ" ಎಂದೆ. ಅವರು ಮರುಮಾತಿಲ್ಲದೆ ಬಿಲ್ ಹಾಕಿದರು. ಹೊರಡುವಾಗ ಮಾತ್ರ, "ಬಿಪಿ ಮಾತ್ರೆ ತಪ್ಪದೆ ತೊಗೊಳ್ತಿದ್ದೀರಿ ತಾನೆ?" ಎಂದು ಮೆಲ್ಲಗೆ ಕೇಳಿದರು.

ಆನೆಯ ಬೇಡಿಕೆ ಮೊಮ್ಮಗಳದು. ಅದು ಸಾಮಾನ್ಯ ಆನೆಯಲ್ಲ. ಹಸಿರು ಮೈ, ಚಿಟ್ಟೆಯ ರೆಕ್ಕೆ, ಊಟ ಸೇರದವರ ಮುಖಭಾವ ಇರಬೇಕೆಂದು ಅವಳು ಚಿತ್ರ ಸಮೇತ ಅರ್ಜಿ ಸಲ್ಲಿಸಿದ್ದಳು. ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ರಸಾಯನಶಾಸ್ತ್ರ ಕಲಿಸಿದವಳಿಗೆ ಇದೇನು ಮಹಾ ಎಂಬ ಧೈರ್ಯ ನನಗಿತ್ತು. ಜಿಪ್ಸಮ್ ಎಂಬ ಖನಿಜವನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದರೆ ಅದು ತನ್ನೊಳಗಿನ ನೀರಿನ ಮುಕ್ಕಾಲು ಪಾಲನ್ನು ಬಿಟ್ಟು ಪುಡಿಯಾಗುತ್ತದೆ. ಆ ಪುಡಿಗೆ ಮತ್ತೆ ನೀರು ತೋರಿಸಿದರೆ, ಕಳೆದುಕೊಂಡದ್ದನ್ನೆಲ್ಲ ವಸೂಲಿ ಮಾಡಿಕೊಂಡು, ಬಿಸಿಯಾಗುತ್ತಾ ಕಲ್ಲಾಗುತ್ತದೆ. ಈ ಪುಡಿಯನ್ನು ಜಾಳು ಬಟ್ಟೆಗೆ ತುಂಬಿ ಸುತ್ತಿದ್ದೇ ಪ್ಲಾಸ್ಟರ್ ಬ್ಯಾಂಡೇಜ್. 1850ರ ದಶಕದ ಆರಂಭದಲ್ಲಿ ಡಚ್ ಸೇನಾ ವೈದ್ಯ ಆಂಟೋನಿಯಸ್ ಮಥೈಸೆನ್ ಇದನ್ನು ಬಳಕೆಗೆ ತಂದದ್ದು ಸೈನಿಕರ ಮುರಿದ ಮೂಳೆಗಳಿಗಾಗಿ. ರೆಕ್ಕೆಯ ಆನೆಯ ಕಲ್ಪನೆ ಅವರಿಗೆ ಇದ್ದಿರಲಾರದು.

ಹಳೆಯ ದಿನಪತ್ರಿಕೆಗಳನ್ನು ಉಂಡೆ ಕಟ್ಟಿ, ಮಾಸ್ಕಿಂಗ್ ಟೇಪ್ ಸುತ್ತಿ, ರಟ್ಟಿನ ಕಿವಿ ಅಂಟಿಸಿ ಒಳಗಿನ ಹಂದರವನ್ನು ಸಿದ್ಧಪಡಿಸಿದೆವು. ಬ್ಯಾಂಡೇಜನ್ನು ಒಣಗಿದ ಕೈಯಲ್ಲಿ, ಒಣಗಿದ ಕತ್ತರಿಯಲ್ಲಿ ಮೊದಲೇ ತುಂಡು ಮಾಡಿಟ್ಟುಕೊಳ್ಳಬೇಕು. ನಾನು ಒದ್ದೆ ಕೈಯನ್ನು ಸುರುಳಿಗೆ ಹಾಕಿದ್ದರಿಂದ ಮೊದಲನೆಯದು ಬಿಚ್ಚುವ ಮೊದಲೇ ಕಲ್ಲುಕಂಬದಂತಾಯಿತು. ಉಳಿದ ತುಂಡುಗಳನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ, ಎರಡು ಬೆರಳುಗಳ ನಡುವೆ ಜಗ್ಗಿ, ಒಂದರ ಮೇಲೊಂದು ಹಾಸಿ, ಜಾಳಿನ ತೂತುಗಳು ಮುಚ್ಚುವವರೆಗೆ ಸವರುವ ಕೆಲಸ ಎಷ್ಟು ಹಿತವಾಗಿತ್ತೆಂದರೆ, ಸೊಂಡಿಲಿನೊಳಗೆ ತಂತಿ ಇಡಬೇಕೆಂಬುದು ಇಬ್ಬರಿಗೂ ಹೊಳೆಯಲಿಲ್ಲ. ನೀರು ಕುಡಿದ ಕಾಗದದ ಸೊಂಡಿಲು ನಿಧಾನವಾಗಿ ತಲೆಬಾಗಿ, ನಮಸ್ಕರಿಸುವಂತೆ ಮಾಡಿ, ಬುಡದಿಂದಲೇ ಕಳಚಿ ಬಿತ್ತು.

ಜುಲೈ ತಿಂಗಳ ಜಿಟಿಜಿಟಿ ಮಳೆ. ಒಂದೆರಡು ದಿನಕ್ಕೆ ಒಣಗಬೇಕಾದ ಆನೆ ಐದು ದಿನ ವರಾಂಡದಲ್ಲಿ ತಣ್ಣಗೆ ಕುಳಿತಿತ್ತು. ಎದುರು ಮನೆಯವರು ಬಂದು, "ಟೀಚರ್, ಪ್ಲಾಸ್ಟರ್ ಗಣಪತಿ ಬ್ಯಾನ್ ಆಗಿದೆಯಲ್ಲ, ನೀವೇ ಹೀಗೆ ಮಾಡಿದ್ರೆ ಹೇಗೆ?" ಎಂದು ಆಕ್ಷೇಪಿಸಿದರು. ಇದನ್ನು ಕೆರೆಗೆ ಬಿಡುವ ಉದ್ದೇಶ ಖಂಡಿತ ಇಲ್ಲವೆಂದೂ, ಇದು ಗಣಪತಿಯೇ ಅಲ್ಲವೆಂದೂ ವಿವರಿಸಿದೆ. ಅವರು ಸೊಂಡಿಲಿಲ್ಲದ ಮುಖವನ್ನು ಬಗ್ಗಿ ನೋಡಿ, "ಓ, ವರಾಹಸ್ವಾಮಿ!" ಎಂದು ಸಮಾಧಾನಪಟ್ಟರು. ಮರುದಿನ ಬೆಳಿಗ್ಗೆ ಅದರ ಮುಂದೆ ಎರಡು ತುಳಸಿ ದಳಗಳಿದ್ದವು. ಇನ್ನು ಹಸಿರು ಬಣ್ಣ ಬಳಿಯಲು ಯಾರಿಗೆ ಧೈರ್ಯ ಬಂದೀತು?

ನಿಜವಾದ ಅನಾಹುತ ನಡೆದದ್ದು ಅಡುಗೆಮನೆಯಲ್ಲಿ. ಆನೆ ಮುಗಿದ ದಿನವೇ ಬಕೆಟ್ಟಿನ ಹಾಲಿನಂಥ ನೀರನ್ನು ನಾನು ಸಿಂಕಿಗೆ ಸುರಿದಿದ್ದೆ. ರಾತ್ರಿ ನೀರು ಇಳಿಯದಿದ್ದಾಗ ಬಿಸಿನೀರು ಹೊಯ್ದೆ. ಆಮೇಲೆ ಅಜ್ಜಿ ಕಾಲದ ಉಪಾಯವೆಂದು ಒಂದು ಹಿಡಿ ಉಪ್ಪು ಹಾಕಿದೆ. ಪ್ಲಾಸ್ಟರ್ ನೀರಿನೊಳಗೇ ಗಟ್ಟಿಯಾಗಬಲ್ಲದು, ಬೆಚ್ಚನೆಯ ನೀರು ಅದಕ್ಕೆ ಅವಸರ ಹುಟ್ಟಿಸುತ್ತದೆ, ಉಪ್ಪು ಇನ್ನಷ್ಟು ಹುರಿದುಂಬಿಸುತ್ತದೆ. ಈ ಮೂರನ್ನೂ ನಾನು ಬೋರ್ಡಿನ ಮೇಲೆ ಬರೆದು, ಪರೀಕ್ಷೆಯಲ್ಲಿ ಕೇಳಿ, ತಪ್ಪು ಬರೆದವರ ಅಂಕ ಕಳೆದಿದ್ದೇನೆ. ಬಕೆಟ್ಟನ್ನು ರಾತ್ರಿಯಿಡೀ ಮೂಲೆಯಲ್ಲಿಟ್ಟು, ತಿಳಿನೀರು ಚೆಲ್ಲಿ, ತಳದ ಗಷ್ಟನ್ನು ಕಸದ ಬುಟ್ಟಿಗೆ ಕೆರೆದು ಹಾಕಿದ್ದರೆ ಮುಗಿಯುತ್ತಿತ್ತು. ನಮ್ಮ ಯಜಮಾನರು ಏನೂ ಹೇಳಲಿಲ್ಲ; ಪಾತ್ರೆಗಳನ್ನು ಬಚ್ಚಲಿಗೆ ಹೊತ್ತುಕೊಂಡು ಹೋಗುವಾಗ ಮಾತ್ರ "ರಸಾಯನ, ರಸಾಯನ" ಎಂದು ಗೊಣಗಿದರು.

ಮರುದಿನ ಬಂದ ಪ್ಲಂಬರ್ ಸಿಂಕಿನ ಕೆಳಗೆ ಮಲಗಿ, ಬಾಗಿದ ಪೈಪನ್ನು ಬೆರಳಿನಿಂದ ತಟ್ಟಿ, "ಒಳಗೆ ಕಾಂಕ್ರೀಟ್ ಹಾಕಿದ್ದೀರಲ್ಲಮ್ಮ" ಎಂದರು. ಪೈಪನ್ನು ಬಿಚ್ಚಿ, ಉದ್ದಕ್ಕೆ ಸೀಳಿ, ಒಳಗಿದ್ದದ್ದನ್ನು ಇಡಿಯಾಗಿ ಹೊರತೆಗೆದು ಕಟ್ಟೆಯ ಮೇಲಿಟ್ಟರು. ಬೆಳ್ಳನೆಯ, ನುಣ್ಣನೆಯ, ತುದಿಯಲ್ಲಿ ಚೆಂದವಾಗಿ ಮೇಲಕ್ಕೆ ಬಾಗಿದ, ಅಲ್ಲಲ್ಲಿ ಸಾಸಿವೆ ಮತ್ತು ಒಂದು ಕರಿಬೇವಿನ ಎಲೆ ಅಂಟಿಕೊಂಡ ಗಟ್ಟಿ ಸೊಂಡಿಲು! ವಾರವಿಡೀ ನಾವಿಬ್ಬರೂ ಹೆಣಗಿದರೂ ಇಷ್ಟು ಲಕ್ಷಣವಾಗಿ ಒಂದನ್ನು ಮಾಡಲಾಗಿರಲಿಲ್ಲ. ಮೊಮ್ಮಗಳು ಆಗಲೇ ಅದನ್ನು ವರಾಂಡಕ್ಕೆ ಒಯ್ದು, ವರಾಹಸ್ವಾಮಿಯ ಮೂಗಿಗೆ ಹಿಡಿದು ಅಳತೆ ನೋಡುತ್ತಿದ್ದಳು.

"ಅಜ್ಜಿ, ಸರಿಯಾಗಿ ಕೂರುತ್ತೆ! ಇನ್ನೊಂದು ಬ್ಯಾಂಡೇಜ್ ಇದೆಯಾ?"

ಪ್ಲಂಬರ್ ಹೊಸ ಪೈಪಿನ ಲೆಕ್ಕ ಬರೆಯುವುದನ್ನು ನಿಲ್ಲಿಸಿ, ನನ್ನ ಮುಖವನ್ನೇ ನೋಡುತ್ತಾ, "ಎರಡು ಪೈಪ್ ತರಲಾ ಅಮ್ಮಾ?" ಎಂದು ಕೇಳಿದರು.